ಗೂಗಲ್‌ನಲ್ಲಿ ಥಟ್ಟನೆ ಉತ್ತರ: ಯಾವುದನ್ನು ಹಾಗೇ ನಂಬಬಹುದು, ಯಾವುದನ್ನು ತೆರೆದು ನೋಡಬೇಕು

ಒಂದೇ ಒಂದು ಅಂಕಿ ಬೇಕೆಂದು ಹುಡುಕಿದರೂ ಗೂಗಲ್ ಈಗ ಎಐ ಬರೆದ ಪ್ಯಾರಾ, ಜಾಹೀರಾತು, ವಿಡಿಯೋ, ಇನ್ನಷ್ಟು ಪ್ರಶ್ನೆಗಳ ಸಾಲು ಎಲ್ಲವನ್ನೂ ತಂದು ಸುರಿಯುತ್ತದೆ. ಆದರೂ ಥಟ್ಟನೆ ಉತ್ತರ ಬೇಕಾದಾಗ ಇದಕ್ಕಿಂತ ಕೈಗೆ ಒಗ್ಗುವ ಸಾಧನ ನಮಗೆ ಸದ್ಯಕ್ಕಿಲ್ಲ. ಅದು ಯಾವ ಉತ್ತರವನ್ನು ತಾನೇ ಲೆಕ್ಕ ಹಾಕಿ ಕೊಡುತ್ತದೆ, ಯಾವುದನ್ನು ಬೇರೆಯವರ ಪುಟದಿಂದ ಎತ್ತಿ ಕೊಡುತ್ತದೆ ಅನ್ನುವುದು ಮಾತ್ರ ಗೊತ್ತಿರಬೇಕು.

ಲೆಕ್ಕದ ಉತ್ತರಗಳನ್ನು ಕಣ್ಣುಮುಚ್ಚಿ ನಂಬಬಹುದು. ಕೂಡು-ಕಳೆ, ಶೇಕಡಾವಾರು, ಕಿಲೋದಿಂದ ಪೌಂಡ್, ಎಕರೆಯಿಂದ ಹೆಕ್ಟೇರ್, ಬೇರೆ ದೇಶದಲ್ಲಿ ಈಗ ಎಷ್ಟು ಗಂಟೆ ಇವೆಲ್ಲ ಪುಟದ ಮೇಲ್ತುದಿಯಲ್ಲೇ ಬರುತ್ತವೆ. ನಮ್ಮ ಪಹಣಿಯ ಗುಂಟೆ ಮಾತ್ರ ಅದರ ಅಳತೆಪಟ್ಟಿಯಲ್ಲಿ ಇಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ ಎಂದು ನೆನಪಿಟ್ಟುಕೊಂಡರೆ ಸಾಕು. 3 ಎಕರೆ 17 ಗುಂಟೆ ಎಂದರೆ 137 ಗುಂಟೆ. ಅದನ್ನು 1,089ರಿಂದ ಗುಣಿಸಿದರೆ 1,49,193 ಚದರಡಿ. 137ನ್ನು 40ರಿಂದ ಭಾಗಿಸಿ, ಎಕರೆಯಿಂದ ಹೆಕ್ಟೇರ್‌ಗೆ ಎಂದು ಕೇಳಿದರೆ ಸುಮಾರು 1.386 ಹೆಕ್ಟೇರ್ ಬರುತ್ತದೆ. ಡಾಲರ್, ದಿರ್ಹಮ್ ದರ ಕೇಳುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಕಾಣುವುದು ಮಾರುಕಟ್ಟೆಯ ಮಧ್ಯದರ, ಅಂದರೆ ಕೊಳ್ಳುವ ಮತ್ತು ಮಾರುವ ದರಗಳ ನಡುವಿನದು. ಬ್ಯಾಂಕು ತನ್ನ ಪಾಲು ಹಿಡಿದುಕೊಂಡೇ ಕೊಡುವುದರಿಂದ ಕೈಗೆ ಬರುವುದು ಅದಕ್ಕಿಂತ ಕಡಿಮೆ.

ಎಡವಟ್ಟು ಆಗುವುದು ಎತ್ತಿಕೊಟ್ಟ ಉತ್ತರಗಳಲ್ಲಿ. ಕೆಆರ್‌ಎಸ್ ಎಷ್ಟು ಅಡಿ ಎಂದು ಕೇಳಿ ನೋಡಿ. ಕಟ್ಟೆಯ ಎತ್ತರ 130 ಅಡಿ, ಜಲಾಶಯದ ಗರಿಷ್ಠ ನೀರಿನ ಮಟ್ಟ 124.80 ಅಡಿ. ಬರುವ ಉತ್ತರ ಇವೆರಡರಲ್ಲಿ ಯಾವುದಾದರೂ ಆಗಬಹುದು, ಯಾವುದೋ ಮಳೆಗಾಲದ ಸುದ್ದಿಯಲ್ಲಿದ್ದ ಅಂದಿನ ಮಟ್ಟವೂ ಆಗಬಹುದು. ಮೂರೂ ಸುಳ್ಳಲ್ಲ, ಪ್ರಶ್ನೆಯೇ ಸಡಿಲ. 'ಕೆಆರ್‌ಎಸ್ ಗರಿಷ್ಠ ನೀರಿನ ಮಟ್ಟ ಅಡಿ' ಎಂದು, ಏನನ್ನು ಅಳೆಯಬೇಕು, ಯಾವ ಮಾನದಲ್ಲಿ ಎಂಬ ಎರಡನ್ನೂ ಹೇಳಿಬಿಟ್ಟರೆ ಗೊಂದಲ ಬಹುಪಾಲು ಕಳೆಯುತ್ತದೆ.

ಇನ್ನೊಂದು ತೊಂದರೆ ಹಳಸಿದ ಪುಟಗಳದ್ದು. 2021ರಲ್ಲಿ ವಿಜಯನಗರ ಸೇರಿ ಕರ್ನಾಟಕದ ಜಿಲ್ಲೆಗಳು 31 ಆದವು. ಅದಕ್ಕೂ ಮೊದಲು ಬರೆದ ಎಷ್ಟೋ ಪುಟಗಳು 30 ಎಂದೇ ಕೂತಿವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಇಲ್ಲಿ ಅಂಕ ಕಳೆದುಕೊಳ್ಳಬಾರದು. ಫಲಿತಾಂಶದ ಪಕ್ಕದ ದಿನಾಂಕ ನೋಡಿ, ಇಲ್ಲವೇ ಪ್ರಶ್ನೆಯ ಕೊನೆಗೆ ಇಂಗ್ಲಿಷಿನಲ್ಲಿ 'ಆಫ್ಟರ್' ಬರೆದು, ಕೋಲನ್ (:) ಹಾಕಿ, ಜಾಗ ಬಿಡದೆ 2021 ಸೇರಿಸಿ. ಕೋಲನ್ ನಂತರ ಜಾಗ ಬಿಟ್ಟರೆ ಗೂಗಲ್ ಅದನ್ನು ಆಜ್ಞೆ ಎಂದು ಓದದೆ ಮಾಮೂಲಿ ಪದವಾಗಿ ಹುಡುಕಬಹುದು. ಜನಸಂಖ್ಯೆ ಕೇಳುವಾಗಲೂ ವರ್ಷ ಹಾಕಲೇಬೇಕು. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6.11 ಕೋಟಿ. ಅದಕ್ಕಿಂತ ದೊಡ್ಡದಾಗಿ ಕಾಣುವುದೆಲ್ಲ ಅಂದಾಜು.

ಎಐ ಪ್ಯಾರಾ ಹಲವು ಪುಟಗಳನ್ನು ಕಲಸಿ ಬರೆದದ್ದು. ಒಂದು ವಾಕ್ಯ ಒಂದು ಕಡೆಯದು, ಮುಂದಿನದು ಇನ್ನೊಂದು ಕಡೆಯದು. ಅಂಕಿ ಮುಖ್ಯವಾದರೆ ಆ ವಾಕ್ಯಕ್ಕೆ ಅಂಟಿದ ಕೊಂಡಿ ಒತ್ತಿ, ಮೂಲ ಪುಟದಲ್ಲಿ ಆ ಅಂಕಿ ಇದೆಯೇ ನೋಡಬೇಕು. ಚೌಕದೊಳಗೆ ಒಂದೇ ಪುಟದ ತುಣುಕು ಬಂದಿದ್ದರೆ ಕೆಲಸ ಇನ್ನೂ ಸುಲಭ: ಕ್ರೋಮ್‌ನಲ್ಲಿ ಅದನ್ನು ಒತ್ತಿದರೆ ಸಾಮಾನ್ಯವಾಗಿ ನೇರ ಬಣ್ಣ ಬಳಿದ ಸಾಲಿಗೇ ಹೋಗುತ್ತದೆ. ಆಚೀಚೆಯ ಎರಡು ಸಾಲು ಓದಿದರೆ ಸಂದರ್ಭ ತಿಳಿಯುತ್ತದೆ.

ಈ ಗದ್ದಲವೇ ಬೇಡ ಎನ್ನುವವರಿಗೆ 2024ರ ಮೇನಲ್ಲಿ ಬಂದ 'ವೆಬ್' ಫಿಲ್ಟರ್ ಇದೆ. ಚಿತ್ರ, ಸುದ್ದಿ ಎಂದು ಬರುವ ಸಾಲಿನಲ್ಲೇ ಇರುತ್ತದೆ, ಕಾಣದಿದ್ದರೆ 'ಇನ್ನಷ್ಟು' ಒತ್ತಿ. ಎಐ ಪ್ಯಾರಾ, ಚೌಕ, ವಿಡಿಯೋ ಎಲ್ಲ ಹೋಗಿ ಕೊಂಡಿಗಳಷ್ಟೇ ಉಳಿಯುತ್ತವೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಹೀಗೆ ಮೂಲೆಗೆ ತಳ್ಳಿರುವುದು ಸರಿಯಲ್ಲ.

ಸರ್ಕಾರಿ ಆದೇಶ, ಶುಲ್ಕ, ಕೊನೆಯ ದಿನಾಂಕ ಬೇಕಾದರೆ ಇಂಗ್ಲಿಷಿನಲ್ಲಿ 'ಸೈಟ್' ಬರೆದು, ಕೋಲನ್ ಹಾಕಿ, ಜಾಗ ಬಿಡದೆ ಜಿಒವಿ ಡಾಟ್ ಇನ್ ಸೇರಿಸಿದರೆ ಸರ್ಕಾರಿ ಜಾಲತಾಣಗಳಷ್ಟೇ ಬರುತ್ತವೆ. ಕನ್ನಡದಲ್ಲಿ ಹುಡುಕುವವರು ಸೋಲುವುದು ಇಲ್ಲೇ. ಹಳೆಯ ಪಿಡಿಎಫ್‌ಗಳಲ್ಲಿ ಎಷ್ಟೋ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ 'ನುಡಿ' ಫಾಂಟಿನಲ್ಲಿವೆ, ಇಲ್ಲವೇ ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದವು. ನುಡಿಯದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪದ ಎಷ್ಟು ಸರಿಯಾಗಿ ಟೈಪಿಸಿದರೂ ಅಂಥವು ಸಾಮಾನ್ಯವಾಗಿ ಸಿಗುವುದಿಲ್ಲ, ಫೈಲ್ ತೆರೆದು ಕಂಟ್ರೋಲ್-ಎಫ್ ಒತ್ತಿದರೂ ಹೆಚ್ಚಿನ ಪ್ರಯೋಜನವಿಲ್ಲ. ಇಲಾಖೆಯ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ಅದರ ಜಾಲತಾಣಕ್ಕೆ ಹೋಗಿ, ಸುತ್ತೋಲೆಗಳ ಪಟ್ಟಿಯಲ್ಲಿ ದಿನಾಂಕ ನೋಡಿ ತೆರೆಯುವುದೇ ಬೇಗ.