ನದಿಯೋ, ನಾಲೆಯೋ, ಕಡಲೋ: ಥಾಯ್ಲೆಂಡನ್ನು ಯಾವ ನೀರಿನ ಮೇಲಿಂದ ನೋಡಬೇಕು?

ಮಂಡ್ಯ, ಮೈಸೂರು ಕಡೆಯಿಂದ ಥಾಯ್ಲೆಂಡ್‌ಗೆ ಹೊರಟ ನಂಟರೆಲ್ಲ ಕೇಳುವುದು ಒಂದೇ: ‘ಬೋಟಲ್ಲಿ ಎಲ್ಲಿ ಸುತ್ತಬೇಕು?’ ಪ್ಯಾಕೇಜಿನವರು ತೋರಿಸುವುದು ಬ್ಯಾಂಕಾಕಿನ ಡಿನ್ನರ್ ಕ್ರೂಸ್ ಮತ್ತು ಫುಕೆಟ್ ಕಡೆಯ ದ್ವೀಪಗಳು, ಅಷ್ಟೆ. ಅವ್ವ, ಅತ್ತಿಗೆಯರ ಜೊತೆ ನಾನು ನದಿ, ನಾಲೆ, ಕಡಲು ಮೂರರಲ್ಲೂ ಸುತ್ತಿದ್ದೇನೆ. ನನ್ನ ಮತ ನಾಲೆಗೇ.

ಮೊದಲು ನದಿ. ಬ್ಯಾಂಕಾಕಿನ ನಡುವೆ ಹರಿಯುವ ಚಾವೊ ಫ್ರಾಯಾ ನೋಡಲು ಡಿನ್ನರ್ ಕ್ರೂಸ್ ಬೇಕಿಲ್ಲ. ನಾವು ಹತ್ತಿದ್ದರಲ್ಲಿ ಹಾಡಿನ ಅಬ್ಬರಕ್ಕೆ ಪಕ್ಕದವರ ಮಾತೂ ಕೇಳಿಸಲಿಲ್ಲ, ಸಸ್ಯಾಹಾರಿಗಳಿಗೆ ಅನ್ನ, ಹಣ್ಣು ಬಿಟ್ಟರೆ ಹೆಚ್ಚೇನೂ ಸಿಗಲಿಲ್ಲ. ಅದೇ ನದಿಯಲ್ಲಿ ಊರಿನವರು ಕೆಲಸಕ್ಕೆ ಓಡಾಡುವ ಎಕ್ಸ್‌ಪ್ರೆಸ್ ಬೋಟ್ ಇದೆ. ಸಫಾನ್ ತಾಕ್ಸಿನ್ ಮೆಟ್ರೋ ನಿಲ್ದಾಣದ ಕೆಳಗೇ ಸಾಥೊರ್ನ್ ಕಟ್ಟೆ. ಅಲ್ಲಿ ಕಿತ್ತಳೆ ಬಾವುಟದ ಬೋಟ್ ಹತ್ತಿದರೆ ಅಗ್ಗದ ಟಿಕೆಟ್ಟಿನಲ್ಲಿ ಹಳೇ ಊರನ್ನೆಲ್ಲ ನೋಡಿಕೊಂಡು ಹೋಗಬಹುದು. ವಾಟ್ ಅರುಣ್ ದೇವಾಲಯದ ಗೋಪುರ ನೀರಿನಂಚಿನಿಂದಲೇ ಎದ್ದು ನಿಂತಂತೆ ಕಾಣುತ್ತದೆ. ವಯಸ್ಸಾದವರಿದ್ದರೆ ಮಾತ್ರ ಎಚ್ಚರ: ಬೋಟ್ ಕಟ್ಟೆಗೆ ತಾಗಿ ನಿಲ್ಲುವುದು ಕೆಲವೇ ಕ್ಷಣ. ಸಿಬ್ಬಂದಿ ಸೀಟಿ ಊದಿದರೆ ಹೊರಟೇಬಿಡುತ್ತದೆ.

ಅದೇ ನದಿಯ ಮೇಲ್ಗಡೆ ಅಯುತ್ಥಯ. ಬ್ಯಾಂಕಾಕಿನಿಂದ ಅಲ್ಲಿಯವರೆಗೆ ಇಡೀ ದಿನದ ಕ್ರೂಸ್‌ಗಳಿವೆ, ಆದರೆ ದಾರಿ ಬೇಸರ ತರಿಸುತ್ತದೆ. ರೈಲಿನಲ್ಲಿ ಹೋಗಿ, ಸಂಜೆ ಸಣ್ಣ ಬೋಟ್ ಹಿಡಿದು ಊರನ್ನು ಸುತ್ತು ಹಾಕಿ. ಚಾವೊ ಫ್ರಾಯಾ, ಲೋಪ್‌ಬುರಿ, ಪಾ ಸಾಕ್ ಎಂಬ ಮೂರು ನದಿಗಳು ಸುತ್ತುವರಿದ ಊರು ಅದು. ಶ್ರೀರಂಗಪಟ್ಟಣ ಕಂಡವರಿಗೆ ಅಲ್ಲಿ ಎದೆ ಭಾರವಾಗುತ್ತದೆ. ಇದೂ ನೀರಿನ ನಡುವಿನ ರಾಜಧಾನಿ. 1351ರಿಂದ ಆಳಿ, 1767ರಲ್ಲಿ ಬರ್ಮಾ ಸೇನೆಯ ಕೈಯಲ್ಲಿ ಸುಟ್ಟುಹೋಯಿತು. ನಮ್ಮ ಪಟ್ಟಣ ಬಿದ್ದದ್ದು 1799ರಲ್ಲಿ. 1630ರಲ್ಲಿ ಕಟ್ಟಲು ಶುರುಮಾಡಿದ ವಾಟ್ ಚೈವತ್ಥನಾರಾಮ್ ಹೊಳೆಯ ಆಚೆ ದಡದಲ್ಲಿ ಸಂಜೆ ಬಿಸಿಲಿಗೆ ಕೆಂಪಾಗುವುದನ್ನು ಬೋಟಿನಿಂದಲೇ ನೋಡಬೇಕು.

ಇನ್ನು ನಾಲೆ. ಬ್ಯಾಂಕಾಕಿನಲ್ಲಿ ಇದು ಎರಡು ಬಗೆ. ಒಂದು, ಸೇನ್ ಸೇಪ್. 1837ರಲ್ಲಿ ತೋಡಲು ಶುರುಮಾಡಿದಾಗ ಇದು ಕಾಂಬೋಡಿಯಾ ಕಡೆಯ ಯುದ್ಧಕ್ಕೆ ಸೈನ್ಯ ಸಾಗಿಸುವ ದಾರಿ. ಈಗ ಆಫೀಸಿಗೆ ಹೋಗುವವರು ಟ್ರಾಫಿಕ್ ತಪ್ಪಿಸಿಕೊಳ್ಳುವ ದಾರಿ. ಎದುರು ಬೋಟ್ ಬಂದಾಗ ನೀರು ಸಿಡಿಯದಂತೆ ಪ್ರಯಾಣಿಕರೇ ಹಗ್ಗ ಎಳೆದು ಟಾರ್ಪಾಲ್ ಏರಿಸುತ್ತಾರೆ, ಹೆಲ್ಮೆಟ್ ಹಾಕಿದ ಕಂಡಕ್ಟರ್ ಬೋಟಿನ ಅಂಚಿನ ಮೇಲೆ ನಡೆದು ಟಿಕೆಟ್ ಕೊಡುತ್ತಾರೆ. ನೀರು ಕಪ್ಪು, ವಾಸನೆ ಇದೆ. ಒಂದು ಸಲ ನೋಡಿದರೆ ಸಾಕು.

ಎರಡನೆಯದು ನದಿಯ ಪಶ್ಚಿಮ ದಡದ ಥೊನ್‌ಬುರಿಯ ನಾಲೆಗಳು. ನಾನು ಮರಳಿ ಮರಳಿ ಹೋಗಬಯಸುವುದು ಅಲ್ಲಿಗೆ. ಬ್ಯಾಂಕಾಕ್ ನೊಯ್, ಬ್ಯಾಂಕಾಕ್ ಯಾಯ್ ಎಂಬ ಇಲ್ಲಿನ ನಾಲೆಗಳೇ ಹಿಂದೆ ಚಾವೊ ಫ್ರಾಯಾದ ಮೂಲ ಹರಿವು. 16ನೇ ಶತಮಾನದಲ್ಲಿ ಹಡಗುಗಳ ದಾರಿ ಹತ್ತಿರವಾಗಲೆಂದು ಒಂದು ಅಡ್ಡ ನಾಲೆ ತೋಡಿದರು. ನೀರು ಅಲ್ಲೇ ನುಗ್ಗಿ ಅಗಲವಾಗಿ ಈಗ ಅದೇ ಮುಖ್ಯ ನದಿ! ಹಳೆಯ ನದಿ ಸೊರಗಿ ನಾಲೆಯಾಯಿತು. ಆ ದಡದಲ್ಲಿ ಕಂಬಗಳ ಮೇಲೆ ಮರದ ಮನೆಗಳು, ಪ್ರತಿ ಮನೆಗೂ ನೀರಿಗಿಳಿಯುವ ಮೆಟ್ಟಿಲು, ನೀರಿಗೇ ಮುಖ ಮಾಡಿದ ದೇವಾಲಯಗಳು, ಬಿಸಿಲು ಕಾಯಿಸುವ ದೊಡ್ಡ ಉಡಗಳು. ಉದ್ದನೆಯ ದಂಡದ ತುದಿಗೆ ಪ್ರೊಪೆಲರ್ ಇರುವ ಲಾಂಗ್‌ಟೇಲ್ ಬೋಟನ್ನು ಚಾಲಕ ಅಷ್ಟು ಇಕ್ಕಟ್ಟಿನಲ್ಲೂ ಸಲೀಸಾಗಿ ತಿರುಗಿಸುತ್ತಾನೆ. ತೂಬಿನ ಗೇಟಿನ ಬಳಿ ಎರಡೂ ಕಡೆ ನೀರು ಸಮವಾಗುವವರೆಗೆ ಬೋಟ್ ಕಾಯಬೇಕು. ವಿ.ಸಿ. ನಾಲೆ ನೀರಿನಲ್ಲಿ ಭತ್ತ ಬೆಳೆದ ಅವ್ವ ಅದನ್ನೇ ಕಣ್ಣಿಟ್ಟು ನೋಡಿ, ‘ನಮ್ಮಲ್ಲಿ ಗದ್ದೆಗೆ ನೀರ್ ಬಿಡಕೆ ಗೇಟು, ಇಲ್ಲಿ ದೋಣಿಗೂ ಗೇಟು ಕಣ್ಲಾ ಮಗ’ ಅಂದಳು. ಮುಂದೆ ತಿರುವಿನಲ್ಲಿ ವಾಟ್ ಪಾಕ್‌ನಾಮ್‌ನ 69 ಮೀಟರ್ ಎತ್ತರದ ಬುದ್ಧ ಮನೆಗಳ ಮೇಲಿಂದ ತಲೆಯೆತ್ತುತ್ತಾನೆ.

ಬಾಡಿಗೆಯನ್ನು ತಲೆಗಿಷ್ಟು ಎಂದಲ್ಲ, ಇಡೀ ಬೋಟಿಗೆ ಇಷ್ಟು ಎಂದು ಮೊದಲೇ ಮಾತಾಡಿ. ಯಾವ ನಾಲೆ, ಎಷ್ಟು ಹೊತ್ತು ಎಂಬುದನ್ನೂ ಹೇಳಿಸಿಕೊಳ್ಳಿ. ನಾಲ್ಕೈದು ಜನ ಸೇರಿದರೆ ಹೊರೆಯಾಗದು.

ಕಡಲಿನ ಚೆಲುವಿಗೆ ಎರಡು ಮಾತಿಲ್ಲ. ಫುಕೆಟ್ ಪಕ್ಕದ ಫಂಗ್‌ಙಾ ಕೊಲ್ಲಿಯಲ್ಲಿ ಹಸಿರು ನೀರಿನಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು. ಉಬ್ಬರ ಇಳಿತದ ಹೊತ್ತು ನೋಡಿಕೊಂಡು ಕನೂ ದೋಣಿಯಲ್ಲಿ ಮಲಗಿ ಗುಹೆಯೊಳಗೆ ನುಸುಳಿದರೆ ಒಳಗೆ ಆಕಾಶಕ್ಕೆ ತೆರೆದ ಕೊಳ. ಕೊ ಪನ್ಯಿ ಎಂಬ ಮುಸ್ಲಿಂ ಮೀನುಗಾರರ ಊರಂತೂ ಬಹುಪಾಲು ಕಂಬಗಳ ಮೇಲೇ ನಿಂತಿದೆ. ಆದರೆ ಪ್ರಸಿದ್ಧ ಕೊ ತಾಪು ಬಂಡೆಯೆದುರು ಫೋಟೋಕ್ಕೆ ನೂಕುನುಗ್ಗಲು. ಸ್ಪೀಡ್‌ಬೋಟಿನ ಏಟಿಗೆ ಅವ್ವನ ಸೊಂಟ ಹಿಡಿಯಿತು. ಹಿರಿಯರಿದ್ದರೆ ನಿಧಾನವಾಗಿ ಹೋಗುವ ದೊಡ್ಡ ಬೋಟನ್ನೇ ಆರಿಸಿ.

ಇನ್ನೊಂದು ಮುಖ್ಯ ವಿಷಯ ಕಾಲ. ನಮ್ಮ ಮುಂಗಾರಿನ ನೈಋತ್ಯ ಗಾಳಿಯೇ ಫುಕೆಟ್ ಕಡೆಯ ಅಂಡಮಾನ್ ಕಡಲನ್ನೂ ಕಲಕುತ್ತದೆ. ಮೇಯಿಂದ ಅಕ್ಟೋಬರ್‌ವರೆಗೆ ಅಲೆ ಜೋರು, ಅಲ್ಲಿನ ಸಿಮಿಲನ್ ದ್ವೀಪಗಳು ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಬಂದ್. ಫಿ ಫಿ ದ್ವೀಪಗಳ ಮಾಯಾ ಬೇ ಕೂಡ ಹವಳ ಚೇತರಿಸಿಕೊಳ್ಳಲೆಂದು 2018ರಿಂದ 2022ರವರೆಗೆ ಮುಚ್ಚಿತ್ತು. ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಹೊರಡುವವರು ಕಡಲಿಗೆ ಮುಂಗಡ ಕಟ್ಟಬೇಡಿ, ಬ್ಯಾಂಕಾಕಿನ ನಾಲೆಗಳನ್ನೇ ಇಟ್ಟುಕೊಳ್ಳಿ. ಕಡಲೇ ಬೇಕೆಂದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ.