ಕನ್ನಡಕವಿಲ್ಲದ ತ್ರೀಡಿ: ಕಾದ ದಿನಗಳೂ ಕೈಗೆ ಬಂದ ಯಂತ್ರವೂ

ಗವಿಮಠದ ಜಾತ್ರೆಯ ಅಂಗಡಿ ಸಾಲಿನಲ್ಲಿ ಮೈಯೆಲ್ಲ ಸಣ್ಣ ಗೀರುಗಳಿರುವ ಪ್ಲಾಸ್ಟಿಕ್ ಪಟವೊಂದು ಮಾರಾಟಕ್ಕಿರುತ್ತದೆ. ಎಡಗಡೆ ನಿಂತು ನೋಡಿದರೆ ರಾಮ, ಬಲಗಡೆ ಸರಿದರೆ ಹನುಮಂತ, ನಟ್ಟನಡುವೆ ನಿಂತರೆ ಇಬ್ಬರೂ ಕಲೆಸಿಹೋದ ಮೂರನೆಯ ಯಾವುದೋ ಆಕೃತಿ. ಜಪಾನಿನ ನಿಂಟೆಂಡೊ ಕಂಪನಿಯು ಲಾಸ್ ಏಂಜಲೀಸ್‌ನ ಇ-ತ್ರೀ ಎಂಬ ವಿಡಿಯೋ ಗೇಮ್ ಮೇಳದಲ್ಲಿ, ಕನ್ನಡಕದ ಹಂಗಿಲ್ಲದೆ ತ್ರೀಡಿ ತೋರಿಸುವ ಪುಟ್ಟ ಗೇಮ್ ಯಂತ್ರವೊಂದನ್ನು ಪ್ರದರ್ಶಿಸಿತೆಂಬ ಸುದ್ದಿಯನ್ನು 2010ರ ಜೂನ್‌ನಲ್ಲಿ ಕೊಪ್ಪಳದ ನೆಟ್ ಸೆಂಟರಿನಲ್ಲಿ ಕುಳಿತು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಪಟ. ಆ ನೆನಪು ದಾರಿ ತಪ್ಪಿರಲಿಲ್ಲವೆಂಬುದು ಯಂತ್ರ ಕೈಗೆ ಬಂದ ಮೇಲೆ ತಿಳಿಯಿತು. ಅದಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕಾಯಿತು. ಆ ಕಾಯುವಿಕೆಯನ್ನು ಬದಿಗಿಟ್ಟು ನಿಂಟೆಂಡೊ ತ್ರೀಡಿಎಸ್ ಬಗ್ಗೆ ಬರೆದರೆ ವಿಮರ್ಶೆ ಅರ್ಧವೇ ಆದೀತು, ಏಕೆಂದರೆ ಈ ಯಂತ್ರದ ಹೆಸರು ಏರಿದ್ದೂ ಇಳಿದದ್ದೂ ಜನರು ಅದರಿಂದ ಏನನ್ನು ಬಯಸಿದ್ದರು ಎಂಬುದರ ಮೇಲೆಯೇ.

ಆಗ ತ್ರೀಡಿಯ ಹುಚ್ಚು ಎಲ್ಲೆಡೆ ಇತ್ತು. ಚಿತ್ರಮಂದಿರದ ಬಾಗಿಲಲ್ಲಿ ಕೊಡುವ ಕನ್ನಡಕವನ್ನು ಮೂಗಿಗೇರಿಸಿ, ಅದು ಜಾರಿದಂತೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಎರಡೂವರೆ ಗಂಟೆ ಕುಳಿತು ಬಂದವರಿಗೆ, ಕನ್ನಡಕವೇ ಬೇಡವೆಂಬ ಮಾತು ಎಷ್ಟು ರುಚಿಸಿರಬಹುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಸರಕಿಗೆ ಒಂದು ವಿಚಿತ್ರ ತೊಡಕಿತ್ತು: ಇದನ್ನು ಜಾಹೀರಾತಿನಲ್ಲಿ ತೋರಿಸಲು ಬರುತ್ತಿರಲಿಲ್ಲ. ಪತ್ರಿಕೆಯಲ್ಲಿ ಅಚ್ಚಾದರೂ, ಟಿವಿಯಲ್ಲಿ ಬಂದರೂ ಅದರ ಆಳವೆಲ್ಲ ಚಪ್ಪಟೆಯಾಗಿಯೇ ಕಾಣುತ್ತಿತ್ತು. ಅದೇ ಕಾರಣಕ್ಕೆ ಆ ಮೇಳದಲ್ಲಿ ಸಹಾಯಕಿಯರು ಯಂತ್ರಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಸಭಿಕರ ನಡುವೆ ಬಂದು, ಒಬ್ಬೊಬ್ಬರ ಕೈಗೂ ಕೊಟ್ಟು ತೋರಿಸಬೇಕಾಯಿತು. ನಾನಾದರೋ ನೆಟ್ ಸೆಂಟರಿನ ಹಳೆಯ ಮಾನಿಟರಿನಲ್ಲಿ, ಅರ್ಧ ನಿಮಿಷ ಓಡಿ ಎರಡು ನಿಮಿಷ ನಿಲ್ಲುವ ವಿಡಿಯೋವನ್ನು ನೋಡಿ, ಕಾಣದ ಆಳವನ್ನು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದೆ. ಮನಸ್ಸು ತುಂಬಿಕೊಂಡ ಆಳಕ್ಕೆ ಅಳತೆ ಇರುವುದಿಲ್ಲವಾದ್ದರಿಂದ ನಿರೀಕ್ಷೆ ಅಷ್ಟು ಎತ್ತರಕ್ಕೆ ಬೆಳೆಯಿತು ಎಂಬುದು ನನ್ನ ಅನಿಸಿಕೆ.

ಅನುಮಾನಕ್ಕೂ ಕಾರಣಗಳಿದ್ದವು. 1889ರಲ್ಲಿ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳಿರುವ ಇಸ್ಪೀಟಿನಂಥ ಆಟದ ಎಲೆಗಳನ್ನು ತಯಾರಿಸಲು ಹುಟ್ಟಿಕೊಂಡ ಈ ಕಂಪನಿ 1995ರಲ್ಲಿ ವರ್ಚುವಲ್ ಬಾಯ್ ಎಂಬ ತ್ರೀಡಿ ಯಂತ್ರವನ್ನು ತಂದು ಕೈ ಸುಟ್ಟುಕೊಂಡಿತ್ತು. ಮೇಜಿನ ಮೇಲೆ ನಿಲ್ಲಿಸಿ, ಅದರೊಳಗೆ ಮುಖವಿಟ್ಟು, ಬರೀ ಕೆಂಪು ಬಣ್ಣದಲ್ಲಿ ಆಡಬೇಕಾದ ಆ ಯಂತ್ರ ಮಾರುಕಟ್ಟೆಯಲ್ಲಿ ಒಂದು ವರ್ಷವೂ ನಿಲ್ಲಲಿಲ್ಲ.

ತ್ರೀಡಿಎಸ್ ಜಪಾನಿನಲ್ಲಿ 2011ರ ಫೆಬ್ರವರಿ 26ರಂದು 25,000 ಯೆನ್ ಬೆಲೆಗೆ, ಅಮೆರಿಕದಲ್ಲಿ ಮಾರ್ಚ್ 27ರಂದು 249.99 ಡಾಲರಿಗೆ ಬಿಡುಗಡೆಯಾಯಿತು. ಅಂದಿನ ಲೆಕ್ಕದಲ್ಲಿ ಅದು ಸುಮಾರು 11 ಸಾವಿರ ರೂಪಾಯಿ. ವೈಶಾಖದ ಮದುವೆಯೊಂದಕ್ಕೆ ಅಮೆರಿಕದಿಂದ ಬಂದ ದೊಡ್ಡಪ್ಪನ ಮಗ ನನಗಾಗಿ ಒಂದನ್ನು ತಂದುಕೊಟ್ಟ. ಅದರ ಚಾರ್ಜರನ್ನು ನಮ್ಮ ಸಾಕೆಟ್ಟಿಗೆ ಕೂರಿಸಲು ಪಿನ್ ಬದಲಿಸುವ ತುಂಡೊಂದನ್ನು ಕೇಳಿಕೊಂಡು ಕರೆಂಟ್ ಸಾಮಾನಿನ ಅಂಗಡಿಗೆ ಹೋದಾಗ, ಅಂಗಡಿಯ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಅದರ ಬೆನ್ನಿನ ಮೇಲಿನ ಇರುವೆ ಗಾತ್ರದ ಅಕ್ಷರಗಳನ್ನು ಓದಿ, "ತಮ್ಮಾ, ಇದು ನೂರಾ ಇಪ್ಪತ್ತು ವೋಲ್ಟಿಂದೈತಿ, ನಮ್ಮ ಕರೆಂಟಿಗೆ ಹಚ್ಚಿದ್ರ ಸುಟ್ಟು ಹೊಕ್ಕೈತಿ ನೋಡು" ಎಂದರು. ಯಂತ್ರಕ್ಕಿಂತ ಭಾರವಾದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರನ್ನು ಹುಬ್ಬಳ್ಳಿಯಿಂದ ತರಿಸಿಕೊಂಡ ಮೇಲೆಯೇ ನನ್ನ ತ್ರೀಡಿ ದರ್ಶನ ನಡೆದದ್ದು. ಅಮೆರಿಕದ ಯಂತ್ರವನ್ನು ಇಂದಿಗೂ ತರಿಸಿಕೊಳ್ಳುವವರು ಈ ಸಂಗತಿಯನ್ನು ಗಮನಿಸಬೇಕು.

ದರ್ಶನ ಹೇಗಿತ್ತು? ಪುಸ್ತಕದಂತೆ ತೆರೆದುಕೊಳ್ಳುವ ಯಂತ್ರದ ಮೇಲಿನ ಪರದೆ 3.53 ಇಂಚಿನದು. ಬಲ ಅಂಚಿನಲ್ಲಿ ಉಗುರಗಲದ ಒಂದು ಜಾರುಗುಂಡಿ ಇದೆ. ಅದನ್ನು ಮೇಲಕ್ಕೆ ಸರಿಸುತ್ತ ಹೋದಂತೆ ಚಿತ್ರ ಮೊದಲು ತುಸು ಕದಲಿ, ಆಮೇಲೆ ಗಾಜಿನ ಹಿಂದಕ್ಕೆ ಇಳಿಯತೊಡಗುತ್ತದೆ. ನಾನು ನೆಟ್ ಸೆಂಟರಿನಲ್ಲಿ ಕಲ್ಪಿಸಿಕೊಂಡಂತೆ ಏನೂ ಹೊರಗೆ ಚಿಮ್ಮಿ ಮೂಗಿಗೆ ಬಡಿಯಲಿಲ್ಲ. ಕಿಟಕಿಯಿಂದ ಹಿತ್ತಲನ್ನು ನೋಡುವಾಗ ಗಿಡದ ಹಿಂದೆ ಗೋಡೆ, ಗೋಡೆಯ ಹಿಂದೆ ಬಯಲು ಇರುವಂತೆ, ಬಣ್ಣದ ಬೊಂಬೆಗಳು ಒಂದರ ಹಿಂದೊಂದು ನಿಂತಿದ್ದವು. ಮೊದಲ ಐದು ನಿಮಿಷ ನಾನು ಯಾವ ಆಟವನ್ನೂ ಆಡದೆ ಆ ಗುಂಡಿಯನ್ನೇ ಮೇಲೆ ಕೆಳಗೆ ಸರಿಸುತ್ತ ಕುಳಿತಿದ್ದೆ ಎಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಇದರ ಗುಟ್ಟು ಜಾತ್ರೆಯ ಪಟದ ಗುಟ್ಟಿಗೆ ಹತ್ತಿರದ್ದು. ಪರದೆಯ ಅಡ್ಡ ಸಾಲಿನಲ್ಲಿ 800 ಚುಕ್ಕೆಗಳಿವೆ. ಅವುಗಳಲ್ಲಿ 400 ಎಡಗಣ್ಣಿಗೆ, 400 ಬಲಗಣ್ಣಿಗೆ, ಒಂದು ಬಿಟ್ಟು ಒಂದು ಕಂಬಸಾಲಿನಂತೆ ಹಂಚಿಹೋಗಿವೆ. ಪರದೆಗೆ ಹೊಂದಿಕೊಂಡಿರುವ ಇನ್ನೊಂದು ತೆಳುಪದರದಲ್ಲಿ ನೆಟ್ಟನೆಯ ಸೀಳುಗಳು ಮೂಡುತ್ತವೆ. ಬಿದಿರು ತಟ್ಟಿಯ ಸಂದಿಯಿಂದ ಎಡಗಣ್ಣಿಗೆ ಕಂಡದ್ದು ಬಲಗಣ್ಣಿಗೆ ಕಾಣದಿರುವಂತೆ, ಈ ಸೀಳುಗಳು ಒಂದೊಂದು ಕಣ್ಣಿಗೆ ಅದರದರ ಪಾಲಿನ ಚಿತ್ರವನ್ನಷ್ಟೇ ಬಿಟ್ಟುಕೊಡುತ್ತವೆ. ಉಳಿದ ಕೆಲಸವನ್ನು ಮಿದುಳು ಮಾಡುತ್ತದೆ. ಗುಂಡಿಯನ್ನು ಪೂರ್ತಿ ಕೆಳಗಿಳಿಸಿದರೆ ಸೀಳುಗಳು ಮಾಯವಾಗಿ ಮಾಮೂಲಿ ಪರದೆ ಉಳಿಯುತ್ತದೆ. ನದಿಯಾಚೆಯ ಹಂಪಿಯಲ್ಲಿ ವಿರೂಪಾಕ್ಷನ ಗೋಪುರದ ನೆರಳು ಒಂದು ಸಣ್ಣ ಕಿಂಡಿಯಿಂದ ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ಚಿಕ್ಕಂದಿನಿಂದ ನೋಡಿದ ನಮಗೆ, ಬೆಳಕನ್ನು ಬರೀ ಕಿಂಡಿಯಿಂದಲೇ ಆಡಿಸಬಹುದೆಂಬುದು ಹೊಸದೇನಲ್ಲ. ಆದರೂ ಅದನ್ನು ಅಂಗೈಯಗಲದಲ್ಲಿ ಕೂರಿಸಿದ ಕೈಚಳಕವನ್ನು ಮೆಚ್ಚಲೇಬೇಕು.

ಈ ವಿಧಾನದ ಬೆಲೆಯೂ ಅದರೊಳಗೇ ಇದೆ. ಮುಖದಿಂದ ಒಂದಡಿಗಿಂತ ತುಸು ದೂರದಲ್ಲಿ, ನೆಟ್ಟಗೆ, ಅಲುಗಾಡದಂತೆ ಹಿಡಿದರೆ ಮಾತ್ರ ಚಿತ್ರ ಕೂಡಿಕೊಳ್ಳುತ್ತದೆ. ತಲೆ ನಾಲ್ಕು ಬೆರಳು ಸರಿದರೆ ಎಲ್ಲವೂ ಎರಡೆರಡಾಗುತ್ತದೆ. ಗಂಗಾವತಿ ಬಸ್ಸಿನಲ್ಲಿ ಇದನ್ನು ತ್ರೀಡಿಯಲ್ಲಿ ಆಡಲು ಹೋಗಿ, ಮೊದಲ ಹಂಪ್ಸಿಗೇ ಗುಂಡಿಯನ್ನು ಕೆಳಗಿಳಿಸಿದೆ. ಅದಕ್ಕಿಂತ ದೊಡ್ಡ ಮಾತೆಂದರೆ, ನಮ್ಮ ಮನೆಗಳಲ್ಲಿ ಯಾವ ಯಂತ್ರವನ್ನೂ ಒಬ್ಬರೇ ನೋಡುವ ರೂಢಿಯಿಲ್ಲ. ಸಂಜೆ ಕಟ್ಟೆಯ ಮೇಲೆ ಕುಳಿತು ತೆರೆದೊಡನೆ ಅಣ್ಣನ ಮಕ್ಕಳು ಮೂವರು ಎರಡೂ ಹೆಗಲ ಮೇಲೆ ಗದ್ದವಿಟ್ಟರು. "ಕಾಕಾ, ನನಗ ಎರಡೆರಡು ಕಾಣಾಕತ್ತಾವು" ಎಂದು ಒಬ್ಬ. "ನನಗಂತೂ ಏನೂ ತಿಳಿವಲ್ತು" ಎಂದು ಇನ್ನೊಬ್ಬಳು. ಯಂತ್ರವನ್ನು ಅವರತ್ತ ತಿರುಗಿಸಿದರೆ ನನಗೆ ಎರಡೆರಡು. ಮೂವರೂ ಸರದಿಯಲ್ಲಿ ನೋಡಿದ್ದಾಯಿತು. ಎಲ್ಲರೂ ಕೂಡಿ ನೋಡುವುದು ಆಗಲಿಲ್ಲ. ಆರು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ತ್ರೀಡಿ ತೋರಿಸಬಾರದೆಂದು ಕಂಪನಿಯೇ ಎಚ್ಚರಿಸಿದ್ದರಿಂದ, ನಾಲ್ಕನೆಯ ಪುಟ್ಟವನಿಗೆ ಅದೂ ಇಲ್ಲವಾಯಿತು.

ಮನೆಯನ್ನು ಗೆದ್ದದ್ದು ಬೇರೆಯೇ ಒಂದು ಸಂಗತಿ. ಡಬ್ಬಿಯಲ್ಲಿ ಆರು ರಟ್ಟಿನ ಕಾರ್ಡುಗಳು ಬರುತ್ತವೆ. ಪ್ರಶ್ನೆಚಿಹ್ನೆಯ ಕಾರ್ಡನ್ನು ಅಡುಗೆಮನೆಯ ಕಡಪಾ ಕಲ್ಲಿನ ಮೇಲಿಟ್ಟು ಕ್ಯಾಮೆರಾ ಹಿಡಿದಾಗ, ಪರದೆಯಲ್ಲಿ ಅದೇ ಕಲ್ಲು, ಅದೇ ರೊಟ್ಟಿ ಬುಟ್ಟಿಯ ಪಕ್ಕ, ತಗ್ಗು ಬಿದ್ದು ಒಳಗಿಂದ ಡ್ರ್ಯಾಗನ್ ಒಂದು ಎದ್ದು ಬಂತು. ಒಂದು ಕಣ್ಣಿಗೆ ಪೊರೆ ಬಂದಿದ್ದ ಅಜ್ಜಿಗೆ ತ್ರೀಡಿ ಎಂಬುದು ಏನೂ ಅಲ್ಲ. ಎರಡು ಕಣ್ಣೂ ಸಮನಾಗಿ ನೋಡದವರಿಗೆ ಈ ಸೀಳುಗಳ ಆಟ ನಡೆಯುವುದೇ ಇಲ್ಲ. ಆದರೆ ಈ ತಗ್ಗನ್ನು ನೋಡಿದ ಅಜ್ಜಿ ಪರದೆಯಿಂದ ಕಣ್ಣು ತೆಗೆದು, ಕಲ್ಲನ್ನು ಒಮ್ಮೆ ಕೈಯಿಂದ ಸವರಿ ನೋಡಿದರು. ಕನ್ನಡಕವಿಲ್ಲದ ತ್ರೀಡಿಗಾಗಿ ಒಂದು ವರ್ಷ ಕಾದ ನನಗೆ, ತ್ರೀಡಿಯೇ ಬೇಡದ ಆಟ ಮನೆಯನ್ನು ಬೆರಗುಗೊಳಿಸಿದ್ದು ಸ್ವಲ್ಪ ಮುಜುಗರದ ಸಂಗತಿಯಾಗಿತ್ತು.

ಹೊರಮೈಯಲ್ಲಿರುವ ಎರಡು ಕ್ಯಾಮೆರಾಗಳು ತ್ರೀಡಿ ಫೋಟೋ ತೆಗೆಯುತ್ತವೆ. ಒಂದೊಂದೂ 0.3 ಮೆಗಾಪಿಕ್ಸೆಲ್ ಮಾತ್ರವಾದ್ದರಿಂದ ಮುಖಗಳು ಮಸುಕು ಮಸುಕಾಗಿ ಬರುತ್ತವೆ. ಕಿನ್ನಾಳದ ಬಣ್ಣದ ಗೊಂಬೆಯೊಂದನ್ನು ಬಿಸಿಲಿನಲ್ಲಿಟ್ಟು ತೆಗೆದ ಚಿತ್ರ ಮಾತ್ರ, ಆ ಗಾಢ ಕೆಂಪು, ಹಳದಿ ಬಣ್ಣಗಳ ಬಲದಿಂದಲೋ ಏನೋ, ಗುಂಡಗೆ ಕೈಗೆ ಸಿಗುವಂತೆ ಕಂಡಿತು.

ಸ್ಟ್ರೀಟ್‌ಪಾಸ್ ಎಂಬ ಇನ್ನೊಂದು ಸೌಲಭ್ಯವನ್ನು ಕೊಪ್ಪಳದಿಂದಲೇ ಅಳೆಯಬೇಕು. ಯಂತ್ರವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ತಿರುಗುವಾಗ ಇನ್ನೊಬ್ಬರ ತ್ರೀಡಿಎಸ್ ಹತ್ತಿರ ಹಾದುಹೋದರೆ ಎರಡೂ ತಾವಾಗಿಯೇ ಮಾತಾಡಿಕೊಂಡು, ಅಂಚಿನಲ್ಲಿ ಹಸಿರು ದೀಪ ಹೊತ್ತಿಸುತ್ತವೆ. ನೂರು ಹೆಜ್ಜೆಗೊಂದರಂತೆ ದಿನಕ್ಕೆ ಹತ್ತು ಆಟದ ನಾಣ್ಯಗಳನ್ನೂ ಅದು ಕೊಡುತ್ತದೆ. ಮರುವರ್ಷ ಗವಿಮಠದ ತೇರಿನ ದಿನ ಲಕ್ಷಾಂತರ ಜನರ ನಡುವೆ ಅದನ್ನು ಜೇಬಿನಲ್ಲಿಟ್ಟುಕೊಂಡೇ ನಡೆದೆ. ಹತ್ತೂ ನಾಣ್ಯಗಳು ಸಂಜೆಯಾಗುವ ಮೊದಲೇ ಬಂದವು, ಹಸಿರು ದೀಪ ಮಾತ್ರ ಹೊತ್ತಲಿಲ್ಲ. ಟೋಕಿಯೊದ ರೈಲು ನಿಲ್ದಾಣಗಳಿಗೆ ಹೇಳಿಮಾಡಿಸಿದ ಸೌಲಭ್ಯವದು.

ಉಳಿದಂತೆ, ಹೆಬ್ಬೆರಳಿಗೆ ಸಿಗುವ ವೃತ್ತಾಕಾರದ ಪ್ಯಾಡ್ ಹಿತವಾಗಿದೆ, ಇದೇ ಕಂಪನಿಯ ಹಿಂದಿನ ಕೈಯಂತ್ರವಾದ ಡಿಎಸ್‌ನ ಹಳೆಯ ಕ್ಯಾಸೆಟ್ಟುಗಳೂ ಇದರಲ್ಲಿ ಓಡುತ್ತವೆ, ಬ್ಯಾಟರಿ ತ್ರೀಡಿಎಸ್ ಆಟಗಳಿಗೆ ಮೂರರಿಂದ ಐದು ಗಂಟೆ ಮಾತ್ರ. ಆಟದ ಕ್ಯಾಸೆಟ್ಟುಗಳಿಗೆ ಪ್ರದೇಶದ ಬೀಗವಿದೆ: ಅಮೆರಿಕದ ಯಂತ್ರದಲ್ಲಿ ಯುರೋಪಿನ ಅಥವಾ ಜಪಾನಿನ ತ್ರೀಡಿಎಸ್ ಆಟ ಓಡುವುದಿಲ್ಲ. ಬೆಂಗಳೂರಿನ ಅಂಗಡಿಯೊಂದರವರು ಎಲ್ಲವೂ ಒಂದೇ ಎಂದು ಕೊಟ್ಟ ಯುರೋಪಿನ ಕ್ಯಾಸೆಟ್ಟೊಂದು ಇಂದಿಗೂ ನನ್ನ ಮೇಜಿನ ಖಾನೆಯಲ್ಲಿ ಸುಮ್ಮನೆ ಮಲಗಿದೆ.

ಜನರ ಉತ್ಸಾಹ ಬಹುಬೇಗ ತಣ್ಣಗಾಯಿತು. ಬಿಡುಗಡೆಯ ಹೊತ್ತಿಗೆ ಕಂಪನಿಯ ಹೆಸರಾಂತ ಆಟಗಳ ನಾಯಕ ಮಾರಿಯೋ ಕೂಡ ಇರಲಿಲ್ಲ; ಅವನ ಸೂಪರ್ ಮಾರಿಯೋ ತ್ರೀಡಿ ಲ್ಯಾಂಡ್ ಬಂದದ್ದು ಆ ವರ್ಷದ ನವೆಂಬರಿನಲ್ಲಿ. ಮಾರಾಟ ಕುಸಿದಾಗ ಕಂಪನಿ ಆಗಸ್ಟ್ 12ರಿಂದ ಅಮೆರಿಕದ ಬೆಲೆಯನ್ನು 169.99 ಡಾಲರಿಗೆ ಇಳಿಸಿತು, ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿಮೆ ಮಾಡಿಕೊಂಡರು. ಮೊದಲೇ ಹೆಚ್ಚು ಹಣ ಕೊಟ್ಟವರಿಗೆ ಇಪ್ಪತ್ತು ಹಳೆಯ ಆಟಗಳನ್ನು ಉಚಿತವಾಗಿ ಕೊಟ್ಟರು. ಅದಕ್ಕೆ ಬೆಲೆ ಇಳಿಯುವ ಮೊದಲು ಒಮ್ಮೆಯಾದರೂ ವೈ-ಫೈ ಮೂಲಕ ಇ-ಶಾಪ್ ಎಂಬ ಕಂಪನಿಯ ಆನ್‌ಲೈನ್ ಆಟದಂಗಡಿಯನ್ನು ತೆರೆದಿರಬೇಕಿತ್ತು. ನಮ್ಮ ಓಣಿಯಲ್ಲಿ ಆಗ ವೈ-ಫೈ ಎಂಬುದೇ ಇರಲಿಲ್ಲ. 2013ರಲ್ಲಿ ಅದೇ ಆಟಗಳನ್ನು ತ್ರೀಡಿ ಇಲ್ಲದೆ ಓಡಿಸುವ ಟೂಡಿಎಸ್ ಬಂತು. 2014ರಲ್ಲಿ ಕಣ್ಣಿನ ಚಲನೆಯನ್ನು ಕ್ಯಾಮೆರಾದಿಂದ ಹಿಂಬಾಲಿಸಿ ಚಿತ್ರವನ್ನು ಸರಿಹೊಂದಿಸುವ ನ್ಯೂ ತ್ರೀಡಿಎಸ್ ಬಂತು. ಎರಡರಲ್ಲಿ ಎರಡನೆಯದು ಇದ್ದಿದ್ದರೆ ಗಂಗಾವತಿ ಬಸ್ಸಿನಲ್ಲಿಯೂ ಗುಂಡಿ ಮೇಲೆಯೇ ಉಳಿಯುತ್ತಿತ್ತೇನೋ. ಒಟ್ಟಾರೆ ಈ ಕುಟುಂಬದ ಏಳೂವರೆ ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು. ಒಳ್ಳೆಯ ಆಟಗಳೇ ಅದನ್ನು ಎತ್ತಿ ಹಿಡಿದವು. ತ್ರೀಡಿ ಜನರನ್ನು ಅಂಗಡಿಯ ಬಾಗಿಲವರೆಗೆ ಕರೆತಂದಿತ್ತು, ಅಷ್ಟೇ.

2020ರಲ್ಲಿ ತಯಾರಿಕೆ ನಿಂತಿತು. 2023ರ ಮಾರ್ಚ್‌ನಿಂದ ಇ-ಶಾಪಿನಲ್ಲಿ ಹೊಸ ಆಟ ಕೊಳ್ಳಲು ಬರುವುದಿಲ್ಲ, 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ಮುಗಿಯಿತು. ಹಾಗಾಗಿ ಈಗ ಕೊಳ್ಳುವವರು ಕ್ಯಾಸೆಟ್ಟುಗಳನ್ನೇ ನಂಬಬೇಕು, ಮತ್ತು ಸೆಕೆಂಡ್ ಹ್ಯಾಂಡ್ ಯಂತ್ರವನ್ನೇ ಹುಡುಕಬೇಕು. ಸಾಧ್ಯವಿದ್ದರೆ ನ್ಯೂ ತ್ರೀಡಿಎಸ್ ಮಾದರಿಯನ್ನೇ ಆರಿಸಿ. ಮಡಿಕೆಯ ಕೀಲು ಸಡಿಲವಾಗಿದೆಯೇ, ಮೇಲಿನ ಪರದೆಯ ಅಂಚುಗಳಲ್ಲಿ ಗೆರೆ ಬಿದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮಾರುವವರು ವಾಟ್ಸಾಪಿನಲ್ಲಿ ಕಳಿಸುವ ಫೋಟೋದಲ್ಲಿ ತ್ರೀಡಿ ಸರಿಯಿದೆಯೋ ಕೆಟ್ಟಿದೆಯೋ ಎಂಬುದು ಎಂದಿಗೂ ತಿಳಿಯುವುದಿಲ್ಲ. ಯಂತ್ರವನ್ನು ನಿಮ್ಮ ಕೈಯಲ್ಲಿಯೇ ಹಿಡಿದು, ಗುಂಡಿಯನ್ನು ನಿಧಾನಕ್ಕೆ ಮೇಲೆ ಸರಿಸಿ, ಚಿತ್ರ ಗಾಜಿನ ಹಿಂದಕ್ಕೆ ಇಳಿದ ಮೇಲೆಯೇ ಹಣ ಎಣಿಸಿಕೊಡಿ.