ಸಿಸ್ಟಮ್‌ಡಿ ಇಲ್ಲದ ಸರ್ವರ್‌ಗಳಲ್ಲಿ ಲಾಗ್‌ರೊಟೇಟ್: ವರ್ಷಗಟ್ಟಲೆ ಬಳಸಿದವನ ವಿಮರ್ಶೆ

ಲಾಗ್‌ರೊಟೇಟ್‌ಗೂ ಒಂದು ವಿಮರ್ಶೆಯಾ ಅಂತ ನಗಬೇಡಿ. ಪ್ರೋಗ್ರಾಂಗಳು ತಮ್ಮ ಕೆಲಸದ ದಿನಚರಿ ಬರೆಯೋ ಲಾಗ್ ಫೈಲುಗಳು ಡಿಸ್ಕ್ ತುಂಬದ ಹಾಗೆ ಆಗಾಗ ಪಕ್ಕಕ್ಕೆ ಸರಿಸಿ ಹಳೆಯದನ್ನು ಅಳಿಸೋ ಲಿನಕ್ಸ್ ಪ್ರೋಗ್ರಾಂ ಅದು. ಸರಿಯಾಗಿ ನಡೆಯುವಷ್ಟು ದಿನ ಯಾರ ಕಣ್ಣಿಗೂ ಬೀಳದೆ, ಕೈಕೊಟ್ಟ ದಿನ ಇಡೀ ಆಫೀಸಿನ ಕೆಲಸ ನಿಲ್ಲಿಸುವ ಸಾಫ್ಟ್‌ವೇರ್ ಇದು. ನಾನು ನೋಡಿಕೊಳ್ಳೋದು ಪೀಣ್ಯ, ರಾಜಾಜಿನಗರ, ಚಾಮರಾಜಪೇಟೆ ಕಡೆಯ ಸಣ್ಣ ಕಂಪನಿಗಳ ಸರ್ವರ್‌ಗಳನ್ನು. ಸರ್ವರ್ ಅನ್ನೋದು ಸ್ವಲ್ಪ ದೊಡ್ಡ ಮಾತೇ ಆಯಿತು, ಬಹುಪಾಲು ಎಸ್.ಪಿ. ರೋಡಿನಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್‌ಗಳು. ಅವುಗಳ ಮೇಲೆ ಡೆವುವಾನ್, ಅಂದರೆ ಸಿಸ್ಟಮ್‌ಡಿ ತೆಗೆದ ಡೆಬಿಯನ್ ಲಿನಕ್ಸ್ ಇದೆ. ಮೆಷೀನ್ ಎದ್ದಾಗ ಸರ್ವಿಸ್‌ಗಳನ್ನು ಶುರುಮಾಡೋ ಇನಿಟ್ ಆಗಿ ಕೆಲವಕ್ಕೆ ಸಿಸ್‌ವಿ ಇನಿಟ್, ಕೆಲವಕ್ಕೆ ರನಿಟ್. ಒಂದೆರಡು ಕಡೆ ಆಲ್ಪೈನ್ ಅನ್ನೋ ಪುಟ್ಟ ಲಿನಕ್ಸ್ ಕೂಡ ಇದೆ. ಬಹುಪಾಲು ಲಿನಕ್ಸ್‌ಗಳಲ್ಲಿ ಈಗ ಇನಿಟ್ ಆಗಿರೋ ಸಿಸ್ಟಮ್‌ಡಿ ಒಳ್ಳೆಯದೋ ಕೆಟ್ಟದ್ದೋ ಅನ್ನೋ ಜಗಳಕ್ಕೆ ನಾನು ಬರೋಲ್ಲ. ಚಿಕ್ಕ ಮೆಷೀನಿನಲ್ಲಿ ಏನು ನಡೀತಿದೆ ಅಂತ ಶೆಲ್ ಸ್ಕ್ರಿಪ್ಟ್ ಓದಿ ತಿಳಿದುಕೊಳ್ಳೋದು ನನಗೆ ಒಗ್ಗಿದೆ, ಅಷ್ಟೇ.

ಮೊದಲೇ ಹೇಳಿಬಿಡ್ತೀನಿ: ಇನಿಟ್ ಯಾವುದಾದರೂ ಲಾಗ್‌ರೊಟೇಟ್‌ಗೆ ಏನೂ ಆಗಬೇಕಿಲ್ಲ. ಅದು ಹಿನ್ನೆಲೆಯಲ್ಲಿ ಸದಾ ಓಡ್ತಿರೋ ಡೀಮನ್ ಅಲ್ಲ. ಯಾರೋ ಕರೀತಾರೆ, ಕಾನ್ಫಿಗ್ ಓದುತ್ತೆ, ಫೈಲುಗಳ ಹೆಸರು ಬದಲಾಯಿಸುತ್ತೆ, ಹಳೆಯದನ್ನು ಒತ್ತಿ ಚಿಕ್ಕದು ಮಾಡುತ್ತೆ, ಸ್ಟೇಟಸ್ ಫೈಲಿನಲ್ಲಿ ತಾರೀಕು ಬರೆದಿಟ್ಟು ಹೊರಟುಹೋಗುತ್ತೆ. ತಕರಾರೆಲ್ಲ ಎರಡೇ ಜಾಗದಲ್ಲಿ. ಅದನ್ನು ದಿನಾ ಕರೆಯೋರು ಯಾರು ಅನ್ನೋದು ಒಂದು, ಫೈಲ್ ಬದಲಾಗಿದೆ ಅಂತ ಸರ್ವಿಸ್‌ಗೆ ತಿಳಿಸೋರು ಯಾರು ಅನ್ನೋದು ಇನ್ನೊಂದು.

ಮೊದಲನೆಯದು ಸುಲಭ. ಡೆಬಿಯನ್ 10ರಿಂದ ಪ್ಯಾಕೇಜಿನಲ್ಲಿ ಸಿಸ್ಟಮ್‌ಡಿ ಟೈಮರ್ ಬರುತ್ತೆ. ಆದರೆ ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸೋ ಕ್ರಾನ್‌ನ ಡೈಲಿ ಫೋಲ್ಡರಿನ ಹಳೇ ಸ್ಕ್ರಿಪ್ಟನ್ನು ತೆಗೆದುಹಾಕಿಲ್ಲ. ಸಿಸ್ಟಮ್‌ಡಿ ಓಡ್ತಿದೆಯಾ ಅಂತ ಅದು ಮೊದಲು ನೋಡುತ್ತೆ, ಓಡ್ತಿದ್ದರೆ ಸುಮ್ಮನೆ ಹೊರಬೀಳುತ್ತೆ, ಇಲ್ಲದಿದ್ದರೆ ಕೆಲಸ ಮಾಡುತ್ತೆ. ಹಾಗಾಗಿ ಡೆವುವಾನ್‌ನಲ್ಲಿ ನಾವು ಏನೂ ಮಾಡಬೇಕಾಗಿಲ್ಲ. ಕ್ರಾನ್ ಡೈಲಿ ಓಡೋದು ಬೆಳಿಗ್ಗೆ 6:25ಕ್ಕೆ ಅನ್ನೋದಷ್ಟೇ ಇಲ್ಲಿಯ ಚಿಕ್ಕ ಎಡವಟ್ಟು. ಪೀಣ್ಯದ ವರ್ಕ್‌ಶಾಪಿನಲ್ಲಿ ರಾತ್ರಿ ಮೇನ್ ಸ್ವಿಚ್ ಆರಿಸಿಯೇ ಬೀಗ ಹಾಕ್ತಾರೆ. ಒಂಬತ್ತಕ್ಕೆ ಮುಂಚೆ ಆ ಮೆಷೀನ್ ಏಳೋದೇ ಇಲ್ಲ. ಅಂಥ ಕಡೆ, ತಪ್ಪಿಹೋದ ಕೆಲಸವನ್ನು ಮೆಷೀನ್ ಎದ್ದ ಮೇಲೆ ಓಡಿಸೋ ಅನಾಕ್ರಾನ್ ಹಾಕಲೇಬೇಕು. ರನಿಟ್ ಇರೋ ವಾಯ್ಡ್ ಲಿನಕ್ಸ್ ಬಳಸೋರು ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಬೇಕು. ಅದರ ಬೇಸ್ ಸಿಸ್ಟಮ್‌ನಲ್ಲಿ ಕ್ರಾನೇ ಇರಲ್ಲ, ಇನ್‌ಸ್ಟಾಲ್ ಮಾಡಿ ಸರ್ವಿಸ್ ಲಿಂಕ್ ಕೊಟ್ಟರೆ ಮಾತ್ರ ಉಂಟು.

ತಲೆ ತಿನ್ನೋದು ಎರಡನೆಯದು. ಒಂದು ಸೋಮವಾರ, ಮೆಷೀನನ್ನು ರಾತ್ರಿಯೂ ಆರಿಸದ ಇನ್ನೊಂದು ವರ್ಕ್‌ಶಾಪಿನ ಮಾಲೀಕರ ಫೋನು.

"ಸಾರ್, ಬಿಲ್ಲೇ ಆಗ್ತಿಲ್ಲ ನೋಡಿ. ಡಿಸ್ಕ್ ಫುಲ್ ಅಂತ ಬರ್ತಿದೆ."

"ದೊಡ್ಡ ಫೈಲ್ ಏನಾದ್ರೂ ಕಾಪಿ ಮಾಡಿದ್ರಾ ಸಾರ್?"

"ಅಯ್ಯೋ, ನಾವ್ಯಾಕೆ ಅದನ್ನ ಮುಟ್ಟಾಣ!"

ಲಾಗಿನ್ ಆಗಿ ನೋಡಿದರೆ, ಡಿಸ್ಕಿನ ಒಟ್ಟು ಬಳಕೆ ಹೇಳೋ ಡಿಎಫ್ ಪ್ರಕಾರ ಡಿಸ್ಕ್ ನೂರಕ್ಕೆ ನೂರು ತುಂಬಿದೆ. ಕಣ್ಣಿಗೆ ಕಾಣೋ ಫೈಲುಗಳ ಗಾತ್ರ ಕೂಡಿಸೋ ಡಿಯು ಓಡಿಸಿ ಲೆಕ್ಕ ಹಾಕಿದರೆ ಅರ್ಧವೂ ಇಲ್ಲ. ಈ ಎರಡು ಲೆಕ್ಕ ತಾಳೆಯಾಗದೆ ಹೋದರೆ ನೇರವಾಗಿ ಎಲ್‌ಎಸ್‌ಓಎಫ್‌ಗೆ ಪ್ಲಸ್ ಎಲ್1 ಆಪ್ಶನ್ ಕೊಟ್ಟು ನೋಡಬೇಕು. ಅಳಿಸಿಹೋದರೂ ಯಾವುದೋ ಪ್ರೋಗ್ರಾಂ ಇನ್ನೂ ಹಿಡಿದುಕೊಂಡಿರುವ ಫೈಲುಗಳನ್ನು ಅದು ತೋರಿಸುತ್ತೆ. ಅಲ್ಲಿತ್ತು ಕಳ್ಳ: ಹೊರಗಿನವರಿಂದ ಕೊಂಡ ಒಂದು ಮಾನಿಟರಿಂಗ್ ಪ್ಯಾಕೇಜು. ಅದು ತನ್ನ ಲಾಗ್‌ರೊಟೇಟ್ ಕಾನ್ಫಿಗ್ ಅನ್ನು ತಾನೇ ತಂದು ಹಾಕಿತ್ತು. ಫೈಲ್ ತಿರುಗಿಸಿದ ಮೇಲೆ ಓಡೋ ಅದರ ಪೋಸ್ಟ್‌ರೊಟೇಟ್ ಭಾಗದಲ್ಲಿ, ಸಿಸ್ಟಮ್‌ಡಿಯ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್ ಮೂಲಕ, ಲಾಗ್ ಫೈಲನ್ನು ಮತ್ತೆ ತೆರೆ ಅಂತ ಸರ್ವಿಸ್‌ಗೆ ಹೇಳೋ ಹಪ್ ಸಿಗ್ನಲ್ ಕಳಿಸುವ ಒಂದು ಸಾಲು, ಅದರ ಬಾಲಕ್ಕೆ ಏನೇ ಆದರೂ ಟ್ರೂ ಅಂತ ಒಪ್ಪಿಸುವ ಎರಡು ಪೈಪ್ ಚಿಹ್ನೆ. ರನಿಟ್ ಮೆಷೀನಿನಲ್ಲಿ ಸಿಸ್ಟಮ್‌ಸಿಟಿಎಲ್ ಎಲ್ಲಿಂದ ಬರಬೇಕು? ಕಮಾಂಡ್ ಫೇಲ್ ಆಯಿತು, ಬಾಲ ಅದನ್ನು ಮುಚ್ಚಿಹಾಕಿತು, ಎಲ್ಲ ಸರಿಯಾಗಿದೆ ಅಂತ ಲಾಗ್‌ರೊಟೇಟ್ ನಂಬಿತು.

ಒಳಗೆ ನಡೆಯೋದು ಇಷ್ಟು. ಫೈಲಿನ ಹೆಸರು ಬದಲಾದರೂ ಐನೋಡ್, ಅಂದರೆ ಡಿಸ್ಕಿನಲ್ಲಿ ಅದರ ನಿಜವಾದ ಗುರುತು, ಬದಲಾಗೋದಿಲ್ಲ. ಮನೆಯ ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಒಳಗಿದ್ದವರು ಎದ್ದುಹೋಗ್ತಾರಾ? ಸರ್ವಿಸ್ ಹಳೇ ಫೈಲಿಗೇ ಬರೀತಾ ಇರುತ್ತೆ. ಒತ್ತೋದನ್ನು ಒಂದು ಸುತ್ತು ಮುಂದೂಡೋ ಡಿಲೇಕಂಪ್ರೆಸ್ ಇದ್ದರೆ ಮಾರನೇ ದಿನದ ಸುತ್ತಿನಲ್ಲಿ ಆ ಫೈಲನ್ನು ಜಿಜಿಪ್ ಮಾಡಿ ಮೂಲವನ್ನು ಅಳಿಸಲಾಗುತ್ತೆ. ಅಲ್ಲಿಂದಾಚೆ ಬರೆದದ್ದೆಲ್ಲ ಹೆಸರೇ ಇಲ್ಲದ ಫೈಲಿಗೆ. ಓದೋಕೆ ಸಿಗಲ್ಲ, ಜಾಗ ಮಾತ್ರ ತಿನ್ನುತ್ತೆ. ಸರ್ವಿಸ್ ರೀಸ್ಟಾರ್ಟ್ ಮಾಡಿದ ತಕ್ಷಣ ಡಿಸ್ಕ್ ಖಾಲಿ, ಜೊತೆಗೆ ಅಷ್ಟೂ ಲಾಗ್ ಗೋವಿಂದ.

ಪರಿಹಾರ ಒಂದೇ ಸಾಲು. ರನಿಟ್‌ನಲ್ಲಿ ಎಸ್‌ವಿ ಹಪ್ ಅಂತ ಬರೆದು ಪಕ್ಕದಲ್ಲಿ ಸರ್ವಿಸ್ ಹೆಸರು ಹಾಕಿದರೆ ಆಯಿತು. ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ಗೆ ಎಸ್‌ವಿ 1 ಸಾಕು, ಅದು ಯೂಸರ್1 ಸಿಗ್ನಲ್ ಕಳಿಸುತ್ತೆ, ಎಂಜಿನ್‌ಎಕ್ಸ್ ಲಾಗ್ ಫೈಲುಗಳನ್ನು ಹೊಸದಾಗಿ ತೆರೆಯುತ್ತೆ. ಇದನ್ನು ಸೊಗಸಾಗಿ ಮಾಡೋದು ಹೇಗೆ ಅಂತ ನೋಡಬೇಕಿದ್ದರೆ ಸಿಸ್ಟಮ್ಮಿನ ಲಾಗ್ ಬರೆಯೋ ಡೆಬಿಯನ್‌ನ ಆರ್‌ಸಿಸ್‌ಲಾಗ್ ಪ್ಯಾಕೇಜ್ ಬಿಚ್ಚಿ. ಸಿಸ್ಟಮ್‌ಡಿ ಇದ್ದರೆ ಈ ದಾರಿ, ಇಲ್ಲದಿದ್ದರೆ ಇನ್‌ವೋಕ್-ಆರ್‌ಸಿ.ಡಿ ದಾರಿ ಅಂತ ಚಿಕ್ಕ ಸ್ಕ್ರಿಪ್ಟನ್ನೇ ಬೇರೆ ಇಟ್ಟಿದ್ದಾರೆ. ನಾಲ್ಕಾರು ಸಾಲಿನ ಸೌಜನ್ಯ. ದುಡ್ಡು ತಗೊಂಡು ಸಾಫ್ಟ್‌ವೇರ್ ಮಾರೋರಿಗೆ ಇದು ಯಾಕೆ ಕಷ್ಟವೋ ದೇವರೇ ಬಲ್ಲ. ಅಂದಹಾಗೆ ಕಾನ್ಫಿಗ್ ತಿದ್ದಿದ ಮೇಲೆ ಪ್ಯಾಕೇಜ್ ಅಪ್‌ಗ್ರೇಡ್ ಆಗುವಾಗ "ಹೊಸದನ್ನು ಹಾಕಲಾ?" ಅಂತ ಕೇಳುತ್ತೆ. ಅವಸರದಲ್ಲಿ ವೈ ಒತ್ತಿದಿರೋ, ಕಥೆ ಮತ್ತೆ ಮೊದಲಿಂದ ಶುರು.

ಸಿಗ್ನಲ್ ತಂಟೆಯೇ ಬೇಡ ಅಂತ ಕೆಲವರು ಎಲ್ಲದಕ್ಕೂ ಕಾಪಿಟ್ರಂಕೇಟ್ ಹಾಕ್ತಾರೆ. ಲಾಗನ್ನು ಕಾಪಿ ಮಾಡಿ ಮೂಲವನ್ನು ಸೊನ್ನೆಗೆ ಇಳಿಸೋ ವಿಧಾನ ಅದು. ಕಾಪಿ ಮುಗಿದು ಸೊನ್ನೆ ಆಗುವ ನಡುವಿನ ಗಳಿಗೆಯಲ್ಲಿ ಬಂದ ಸಾಲುಗಳು ಹೋಗಬಹುದು. ಲೆಕ್ಕಪತ್ರಕ್ಕೆ ಸಂಬಂಧಿಸಿದ ಲಾಗಿಗೆ ನಾನಂತೂ ಹಾಕೋಲ್ಲ. ಆಲ್ಪೈನ್‌ನಲ್ಲಿ ಮಾತ್ರ ಕೆಲವೊಮ್ಮೆ ಬೇರೆ ದಾರಿ ಇರೋದಿಲ್ಲ. ಅಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳೋ ಓಪನ್‌ಆರ್‌ಸಿಯ ಸ್ಕ್ರಿಪ್ಟಿನಲ್ಲಿ ಔಟ್‌ಪುಟ್ ಲಾಗ್ ಅಂತ ಫೈಲ್ ಕೊಟ್ಟರೆ ಅದನ್ನು ತೆರೆಯೋದು ಸರ್ವಿಸ್ ಅಲ್ಲ, ಅದನ್ನು ಹೊರಡಿಸಿದ ಸ್ಟಾರ್ಟ್-ಸ್ಟಾಪ್-ಡೀಮನ್. ಹಾಗಿದ್ದಮೇಲೆ ಯಾವ ಸಿಗ್ನಲ್ ಕೊಟ್ಟರೂ ಸರ್ವಿಸ್ ಅದನ್ನು ಮತ್ತೆ ತೆರೆಯಲಾರದು. ಅದೇ ಆಲ್ಪೈನ್‌ನ ಬ್ಯುಸಿಬಾಕ್ಸ್ ಸಿಸ್‌ಲಾಗ್‌ಡಿ ಲಾಗ್‌ರೊಟೇಟ್ ಇಲ್ಲದೆಯೇ ತಾನೇ ತಿರುಗಿಸಿಕೊಳ್ಳುತ್ತೆ, ಆದರೆ ಡಿಫಾಲ್ಟ್ ಆಗಿ 200 ಕೆಬಿ ದಾಟಿದರೆ ಸಾಕು, ಉಳಿಸೋದೂ ಒಂದೇ ಹಳೇ ಫೈಲ್. ಮೊದಲ ದಿನವೇ ಹೆಚ್ಚಿಸಿಕೊಳ್ಳಿ.

ಲಾಗ್‌ರೊಟೇಟ್‌ಗೆ ನಿಜವಾದ ಪೈಪೋಟಿ ಕೊಡೋದು ರನಿಟ್‌ನ ಜೊತೆಗೇ ಬರುವ ಎಸ್‌ವಿಲಾಗ್‌ಡಿ. ಸರ್ವಿಸಿನ ಔಟ್‌ಪುಟ್ ಪೈಪಿನಲ್ಲಿ ನೇರ ಇದರ ಬಾಯಿಗೆ ಬೀಳುತ್ತೆ; ಬರೆಯೋನೂ ಇದೇ, ತಿರುಗಿಸೋನೂ ಇದೇ, ಹಾಗಾಗಿ ಪೋಸ್ಟ್‌ರೊಟೇಟ್ ಅನ್ನೋ ಪ್ರಶ್ನೆಯೇ ಹುಟ್ಟೋದಿಲ್ಲ. ಡಿಫಾಲ್ಟ್ ಆಗಿ ಹತ್ತು ಲಕ್ಷ ಬೈಟ್‌ಗೆ ಫೈಲ್ ಬದಲಾಗುತ್ತೆ, ಹತ್ತು ಫೈಲ್ ಉಳಿಯುತ್ತೆ. ನನಗೆ ಬಹಳ ಇಷ್ಟವಾದದ್ದು ಕಾನ್ಫಿಗ್‌ನಲ್ಲಿ ದೊಡ್ಡಕ್ಷರದ ಎನ್ ಆಪ್ಶನ್. ಡಿಸ್ಕಿನಲ್ಲಿ ಜಾಗ ಮುಗಿದು ಬರೆಯಲಾಗದಿದ್ದರೆ ಹೇಳಿದಷ್ಟು ಫೈಲ್ ಉಳಿಸಿಕೊಂಡು ತೀರ ಹಳೆಯದನ್ನು ತಾನೇ ಅಳಿಸಿ ಮುಂದುವರಿಯುತ್ತೆ.

ಒಗ್ಗಿಕೊಳ್ಳಬೇಕಾದ ಕಿರಿಕಿರಿಯೂ ಇದೆ. ಹಳೇ ಫೈಲುಗಳ ಹೆಸರು ಅಟ್ ಚಿಹ್ನೆಯಿಂದ ಶುರುವಾಗುವ ಉದ್ದನೆಯ ಹೆಕ್ಸ್ ಸಂಖ್ಯೆ, ಮನುಷ್ಯರು ಓದೋ ತಾರೀಕಲ್ಲ. ಒಳಗಿನ ಸಾಲುಗಳಿಗೆ ಓದುವಂಥ ಸಮಯ ಹಾಕಿಸಬಹುದು, ಆದರೆ ಅದು ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅಕೌಂಟೆಂಟ್ ಮೇಡಂ "ನಿನ್ನೆ ಸಂಜೆ ನಾಲ್ಕಕ್ಕೆ ಏನಾಯ್ತು ನೋಡಿ ಸಾರ್" ಅಂದರೆ ನಾನು ಹುಡುಕೋದು 10:30. ಜಿಜಿಪ್ ಮಾಡಲು ಹೇಳಿದರೆ ಮಾಡುತ್ತೆ, ಆದರೆ ಬಾಲಕ್ಕೆ ಜಿಜೆಡ್ ಸೇರಿಸಲ್ಲ. ಅದೃಷ್ಟಕ್ಕೆ ಜಡ್‌ಕ್ಯಾಟ್ ಹೆಸರನ್ನು ನೋಡದೆ ಒಳಗಿನ ಗುರುತನ್ನು ನೋಡಿ ಬಿಚ್ಚುತ್ತೆ.

ಹಾಗಾದರೆ ಲಾಗ್‌ರೊಟೇಟ್ ಬಿಟ್ಟೇಬಿಡಬಹುದಲ್ಲ? ನನ್ನನ್ನು ತಡೆದದ್ದು 2022ರ ಏಪ್ರಿಲ್‌ನಲ್ಲಿ ಬಂದ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನ. ಲಾಗುಗಳನ್ನು 180 ದಿನ ದೇಶದೊಳಗೇ ಜೋಪಾನವಾಗಿ ಇಡಬೇಕು ಅನ್ನುತ್ತೆ ಅದು. ಎಸ್‌ವಿಲಾಗ್‌ಡಿ ಉಳಿಸೋದು ಫೈಲಿನ ಎಣಿಕೆಯ ಮೇಲೆ, ದಿನದ ಲೆಕ್ಕದ ಮೇಲಲ್ಲ. ಗಲಾಟೆಯ ಒಂದು ದಿನ ಸಾಕು, ಆರು ತಿಂಗಳ ಲಾಗನ್ನು ತಳ್ಳಿಹಾಕೋಕೆ. ಲಾಗ್‌ರೊಟೇಟ್‌ನಲ್ಲೂ ಡೈಲಿ ಜೊತೆ ರೊಟೇಟ್ 180 ಅಂತ ಬರೆದು ನಿಶ್ಚಿಂತೆಯಾಗಿ ಮಲಗೋ ಹಾಗಿಲ್ಲ. ಜೊತೆಗೆ, ಇಷ್ಟು ಗಾತ್ರ ದಾಟಿದರೆ ತಿರುಗಿಸು ಅನ್ನೋ ಮ್ಯಾಕ್ಸ್‌ಸೈಜ್ ಇದ್ದರೆ, ದಿನಕ್ಕೊಂದಕ್ಕಿಂತ ಹೆಚ್ಚು ಸಲ ಅದನ್ನು ಕರೆಸಿದಾಗ ಒಂದೇ ದಿನ ಹಲವು ಫೈಲ್ ಹುಟ್ಟಬಹುದು, ಆಗ 180 ಫೈಲ್ ಅಂದರೆ 180 ದಿನ ಅಲ್ಲ. ಹೆಸರಿಗೆ ಬರೀ ತಾರೀಕು ಸೇರಿಸೋ ಡೇಟ್‌ಎಕ್ಸ್‌ಟ್ ಇದ್ದರೆ ಅದೇ ದಿನದ ಎರಡನೇ ಸುತ್ತು, ಆ ಹೆಸರಿನ ಫೈಲ್ ಆಗಲೇ ಇದೆ ಅಂತ ನಿಂತುಹೋಗುತ್ತೆ. ನಾನು ರೊಟೇಟ್ ಮೈನಸ್ 1 ಕೊಟ್ಟು ಮ್ಯಾಕ್ಸ್‌ಏಜ್ 190 ಇಡ್ತೀನಿ, ಹೆಸರಿನಲ್ಲಿ ಗಂಟೆಯನ್ನೂ ಸೇರಿಸ್ತೀನಿ. ಎಣಿಕೆಗೆ ಮಿತಿ ಇರಲ್ಲ, ದಿನಕ್ಕೆ ಮಾತ್ರ ಇರುತ್ತೆ. ಲಾಗಿಗೆ ಪಾರ್ಟಿಶನ್ ಬೇರೆ ಇದ್ದರೆ ಮಾತ್ರ ಹೀಗೆ ಮಾಡಿ, ಇಲ್ಲದಿದ್ದರೆ ಬಿಲ್ಲಿಂಗ್ ಮತ್ತೆ ನಿಲ್ಲುತ್ತೆ.

ಈಗ ಎರಡನ್ನೂ ಇಟ್ಟುಕೊಂಡಿದ್ದೀನಿ. ತನ್ನ ಲಾಗ್ ಫೈಲನ್ನು ತಾನೇ ತೆರೆಯೋ ಸರ್ವಿಸ್‌ಗಳಿಗೂ, ಆರು ತಿಂಗಳು ಇಡಲೇಬೇಕಾದದ್ದಕ್ಕೂ ಲಾಗ್‌ರೊಟೇಟ್. ಔಟ್‌ಪುಟ್‌ಗೆ ಉಗುಳುವ ಉಳಿದವಕ್ಕೆಲ್ಲ ಎಸ್‌ವಿಲಾಗ್‌ಡಿ. ಯಾವ ಹೊಸ ಪ್ಯಾಕೇಜ್ ಬಂದರೂ ಮೊದಲು ಲಾಗ್‌ರೊಟೇಟ್.ಡಿ ಫೋಲ್ಡರಿನಲ್ಲಿ ಸಿಸ್ಟಮ್‌ಸಿಟಿಎಲ್ ಅನ್ನೋ ಪದ ಇದೆಯಾ ಅಂತ ಗ್ರೆಪ್ ಮಾಡ್ತೀನಿ. ಏನು ಮಾಡಲಿದೆ ಅಂತ ಏನನ್ನೂ ಮುಟ್ಟದೆ ತೋರಿಸೋ ಡಿ ಆಪ್ಶನ್ ಚೆನ್ನಾಗಿದೆ, ಆದರೆ ಅದು ಪೋಸ್ಟ್‌ರೊಟೇಟ್ ಸ್ಕ್ರಿಪ್ಟನ್ನು ಓಡಿಸೋದಿಲ್ಲ. ಅದಕ್ಕೆ ಎಫ್ ಕೊಟ್ಟು ಬಲವಂತವಾಗಿ ಒಂದು ಸುತ್ತು ತಿರುಗಿಸಿ, ಹೊಸ ಫೈಲಿಗೆ ಸಾಲು ಬೀಳ್ತಿದೆಯಾ ಅಂತ ಟೇಲ್‌ನಲ್ಲಿ ಕಣ್ಣಾರೆ ನೋಡಿಯೇ ಎದ್ದೇಳೋದು.

ಒಂದು ದೂರು ಮಾತ್ರ ಇನ್ನೂ ಹಾಗೇ ಇದೆ. ಲಾಗ್‌ರೊಟೇಟ್‌ಗೆ ಎರರ್ ಬಂದರೆ ಕ್ರಾನ್ ಅದನ್ನು ಲೋಕಲ್ ಮೇಲ್ ಮಾಡೋಕೆ ನೋಡುತ್ತೆ. ಇಂಥ ಮೆಷೀನುಗಳಲ್ಲಿ ಮೇಲ್ ಸರ್ವರ್ ಯಾರು ಹಾಕಿರ್ತಾರೆ? ಎಂಟಿಎ ಇಲ್ಲ, ಔಟ್‌ಪುಟ್ ಬಿಸಾಡ್ತಿದ್ದೀನಿ ಅಂತ ಕ್ರಾನ್ ಒಂದು ಸಾಲು ಬರೆದು ಸುಮ್ಮನಾಗುತ್ತೆ, ಅದನ್ನೂ ಅದೇ ಲಾಗಿಗೆ. ಅದಕ್ಕೇ ಕ್ರಾನ್ ಡೈಲಿ ಸ್ಕ್ರಿಪ್ಟಿನ ಕೊನೆಗೆ ಎಕ್ಸಿಟ್ ಕೋಡ್ ಸೊನ್ನೆ ಅಲ್ಲದಿದ್ದರೆ ನನ್ನ ಮೊಬೈಲಿಗೆ ಟೆಲಿಗ್ರಾಂ ಮೆಸೇಜ್ ಹಾಕುವ ಎರಡು ಸಾಲು ಸೇರಿಸಿಟ್ಟಿದ್ದೀನಿ.